ಹಾಲು ಬಿಡಿಸಿದ ಮೇಲೆ ಎದೆಯೊಳಗೆ ಏನಾಗುತ್ತದೆ?

ಮಗುವಿಗೆ ಹಾಲು ಬಿಡಿಸಲು ಎದೆಗೆ ಬೇವಿನ ಸೊಪ್ಪು ಅರೆದು ಹಚ್ಚಿಕೊಳ್ಳುವುದು ನಮ್ಮಲ್ಲಿ ಹಳೇ ಉಪಾಯ. ಮಗು ಮುಖ ಸಿಂಡರಿಸುತ್ತದೆ, ನಾಲ್ಕು ದಿನ ಅತ್ತು ಅನ್ನಕ್ಕೆ ಹೊಂದಿಕೊಳ್ಳುತ್ತದೆ. ಎದೆಯೊಳಗಿನ ದೊಡ್ಡ ಕೆಲಸ ಶುರುವಾಗುವುದೇ ಆಗ.

ಹಾಲಿಗಾಗಿ ಬಸುರಿನಲ್ಲಿ ಬೆಳೆದ ಕೋಶಗಳಿಗೆ ಇನ್ನು ಕೆಲಸವಿಲ್ಲ. ಅವು ಗುಂಪುಗುಂಪಾಗಿ ಸಾಯುತ್ತವೆ. ಸತ್ತದ್ದನ್ನು ತಿಂದು ಜಾಗ ಚೊಕ್ಕ ಮಾಡಲು ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಬರುತ್ತವೆ. ಕೊಲಾಜೆನ್ ನಾರು ಹೊಸದಾಗಿ ಹೆಣೆದುಕೊಳ್ಳುತ್ತದೆ. ದುಗ್ಧರಸ ನಾಳಗಳು (ಲಿಂಫ್ ಎಂಬ ದ್ರವ ಸಾಗಿಸುವ ಸಣ್ಣ ಕೊಳವೆಗಳು, ಹಾಲಿನ ನಾಳಗಳಲ್ಲ) ಹೆಚ್ಚುತ್ತವೆ. ಮೊಣಕಾಲು ತರಚಿದಾಗ ಗಾಯ ಮಾಯುವುದೂ ಹೆಚ್ಚುಕಮ್ಮಿ ಹೀಗೇ. ಇಲ್ಲಿ ಗಾಯ ಮಾತ್ರ ಆಗಿಲ್ಲ, ಅಷ್ಟೇ.

ಬಹುತೇಕ ತಾಯಂದಿರಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ನಾಲ್ಕಾರು ಕ್ಯಾನ್ಸರ್ ಕೋಶಗಳು ಮೊದಲೇ ಅಲ್ಲಿ ಅಡಗಿದ್ದರೆ? ಆ ನಾರು ಅವಕ್ಕೆ ದಾರಿ, ಆ ನಾಳ ಬಾಗಿಲು. ಕ್ಯಾನ್ಸರ್ ಹರಡಲು ಬೀಜವೊಂದೇ ಸಾಲದು, ಮಣ್ಣೂ ಒಗ್ಗಬೇಕು ಎಂದು ಇಂಗ್ಲೆಂಡಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದಿದ್ದರು.

ಅಮೆರಿಕದ ಕೊಲರಾಡೋದಲ್ಲಿ ಸಂಶೋಧಕರಾದ ಪೆಪ್ಪರ್ ಶೆಡಿನ್, ವರ್ಜೀನಿಯಾ ಬೋರ್ಜೆಸ್ ಮತ್ತು ಸಂಗಡಿಗರು ಹುಡುಕಿದ್ದು ಈ ಮಣ್ಣನ್ನೇ. ಮರಿಗಳಿಗೆ ಹಾಲು ಬಿಡಿಸಿದ ಹೊತ್ತಲ್ಲಿ ತಾಯಿ ಇಲಿಗಳಿಗೆ ಕ್ಯಾನ್ಸರ್ ಕೋಶ ಸೇರಿಸಿದರೆ ಗೆಡ್ಡೆ ಜೋರಾಗಿ ಬೆಳೆದು ಸುತ್ತಲೂ ನುಗ್ಗುತ್ತಿತ್ತು. ನೋವಿಗೆ ನುಂಗುವ ಐಬುಪ್ರೊಫೆನ್ ಕೊಟ್ಟಾಗ ಆ ಆರ್ಭಟ ತಗ್ಗಿತು. ಇದು 2011ರ ಫಲಿತಾಂಶ. ಇಲಿಯ ಮಾತು ಕೇಳಿ ಯಾರೂ ಸುಮ್ನೆ ಮಾತ್ರೆ ನುಂಗಬೇಡಿ. ಮನುಷ್ಯರಲ್ಲೂ ಹೆರಿಗೆಯಾಗಿ ಹತ್ತು ವರ್ಷದೊಳಗೆ ಪತ್ತೆಯಾದ ಸ್ತನ ಕ್ಯಾನ್ಸರ್, ಮಕ್ಕಳಾಗದ ಎಳೆ ವಯಸ್ಸಿನ ಹೆಂಗಸರದ್ದಕ್ಕಿಂತ ಬೇರೆ ಅಂಗಗಳಿಗೆ ಹರಡುವುದು ಜಾಸ್ತಿ.

ಹಾಗಂತ ಹಾಲುಣಿಸುವುದನ್ನು ದೂರಬೇಡಿ. ಹಾಲುಣಿಸಿದಷ್ಟೂ ಸ್ತನ ಕ್ಯಾನ್ಸರ್‌ ಬರುವ ಸಂಭವ ಇಳಿಯುತ್ತದೆ. ಬಸುರಿನಲ್ಲಿ ಬೆಳೆದ ಕೋಶಗಳು ಹಾಲು ಕುಡಿಸದಿದ್ದರೂ ಸಾಯಲೇಬೇಕಲ್ವಾ? ಅಪಾಯದ ಅಳತೆಯೂ ಗೊತ್ತಿರಲಿ. 2019ರಲ್ಲಿ 15 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಕ್ಕಳಾಗದವರಿಗೆ ಹೋಲಿಸಿದರೆ ಸ್ತನ ಕ್ಯಾನ್ಸರ್ ಬರುವ ಅಪಾಯ ಹೆರಿಗೆಯ ನಂತರ ಸುಮಾರು 5 ವರ್ಷಕ್ಕೆ ಅತಿ ಹೆಚ್ಚು, 24 ವರ್ಷದ ಹೊತ್ತಿಗೆ ಹೆಚ್ಚುವರಿ ಏನೂ ಇಲ್ಲ. 41ರಿಂದ 45ರ ವಯಸ್ಸಿನಲ್ಲಿ ಈ ಹೆಚ್ಚುವರಿ ಲಕ್ಷಕ್ಕೆ 41 ಮಂದಿ.

ನನಗೆ ಇದಕ್ಕಿಂತ ದಿಗಿಲು ಹುಟ್ಟಿಸುವುದು ಬೇರೆಯೇ. ಬಾಣಂತಿಯ ಎದೆಯಲ್ಲಿ ಗಂಟು ಸಿಕ್ಕರೆ "ಹಾಲು ಕಟ್ಟಿದೆ, ಬಿಸಿ ಬಟ್ಟೆ ಇಡು" ಎನ್ನುತ್ತಾರೆ ಮನೆಯವರು. ಎಷ್ಟೋ ಸಲ ಅದು ನಿಜವೂ ಹೌದು. ಎರಡು ವಾರವಾದರೂ ಕರಗದಿದ್ದರೆ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಅಲ್ಟ್ರಾಸೌಂಡ್ ಮಾಡಿಸಿ. ಅದರಿಂದ ಹಾಲು ಕೆಡುವುದಿಲ್ಲ. ಸ್ಕ್ಯಾನ್ ಮುಗಿಸಿ ಹೊರಗೆ ಬಂದು, ಅಲ್ಲೇ ಬೆಂಚಿನ ಮೇಲೆ ಕೂತು ಮಗುವಿಗೆ ಕುಡಿಸಬಹುದು.