ಟೇರ್ ಅರ್ಜಿ: ಮೊದಲು 90 ದಿನದ ಲೆಕ್ಕ ಕೂಡಿಸಿ

ಹುಬ್ಬಳ್ಳಿ, ಗದಗ, ಹಾವೇರಿಯ ಕಾಲೇಜುಗಳಲ್ಲಿ ಪಿಎಚ್‌ಡಿ ಮುಗಿಸಿ ಪಾಠಕ್ಕೆ ನಿಂತ ಎಷ್ಟೋ ಅಧ್ಯಾಪಕರ ಸಂಶೋಧನೆ ನಾಲ್ಕಾರು ವರ್ಷದಲ್ಲಿ ಸದ್ದಿಲ್ಲದೆ ನಿಂತುಹೋಗುತ್ತದೆ. ಇಂಥವರಿಗೆಂದೇ ಇರುವ ಯೋಜನೆ ಟೇರ್, ಅಂದರೆ ಟೀಚರ್ಸ್ ಅಸೋಸಿಯೇಟ್‌ಶಿಪ್ ಫಾರ್ ರಿಸರ್ಚ್ ಎಕ್ಸಲೆನ್ಸ್. ಕೆಲಸ ಬಿಡದೆ, ಸಂಬಳ ಕಳೆದುಕೊಳ್ಳದೆ, ಐಐಟಿ, ಎನ್‌ಐಟಿ, ಐಐಎಸ್‌ಸಿ ಅಥವಾ ಸಿಎಸ್‌ಐಆರ್ ಪ್ರಯೋಗಾಲಯದಲ್ಲಿ 3 ವರ್ಷ ಸಂಶೋಧನೆ ಮಾಡಲು ಇದು ಅವಕಾಶ ಕೊಡುತ್ತದೆ. ಮೊದಲು ಇದು ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಎಸ್‌ಇಆರ್‌ಬಿ) ಯೋಜನೆಯಾಗಿತ್ತು. 2024ರ ಫೆಬ್ರುವರಿಯಲ್ಲಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ (ಎಎನ್‌ಆರ್‌ಎಫ್) ಕಾಯ್ದೆ ಜಾರಿಯಾದ ಮೇಲೆ ಆ ಪ್ರತಿಷ್ಠಾನದ ಕೈಗೆ ಬಂದಿದೆ.

ಯೋಜನೆಯ ಮೂಲ ಚೌಕಟ್ಟು ಹೀಗಿದೆ. ಕಾಯಂ ಹುದ್ದೆ ಇರಬೇಕು, ವಯಸ್ಸು 45 ದಾಟಿರಬಾರದು. ಸಂಬಳದ ಜೊತೆಗೆ ವರ್ಷಕ್ಕೆ 60,000 ರೂಪಾಯಿ ಫೆಲೋಶಿಪ್, ಸಂಶೋಧನೆಗೆ ವರ್ಷಕ್ಕೆ 5 ಲಕ್ಷ. ಈ 5 ಲಕ್ಷದಲ್ಲಿ ಅರ್ಧ ನಿಮ್ಮ ಕಾಲೇಜಿಗೆ, ಅರ್ಧ ನೀವು ಸಂಶೋಧನೆಗೆ ಹೋಗುವ ಆತಿಥೇಯ ಸಂಸ್ಥೆಗೆ. ಆತಿಥೇಯ ಸಂಸ್ಥೆಯಲ್ಲಿ ವರ್ಷಕ್ಕೆ ಕನಿಷ್ಠ 90 ದಿನ ಕೆಲಸ ಮಾಡಬೇಕು. ವಿವರಗಳು ಬದಲಾಗಬಹುದು, ಹಾಗಾಗಿ ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿಕೊಳ್ಳಿ.

ಅರ್ಜಿದಾರರು ವಿಜ್ಞಾನದ ಭಾಗವನ್ನು ವಾರಗಟ್ಟಲೆ ತಿದ್ದುತ್ತಾರೆ, ಈ 90 ದಿನವನ್ನು ಮಾತ್ರ ಆಮೇಲೆ ನೋಡಿಕೊಂಡರಾಯಿತು ಎಂದು ಬಿಡುತ್ತಾರೆ. ಯೋಜನೆ ಕೆಡುವುದು ಅಲ್ಲಿಯೇ. ಲೆಕ್ಕ ಹಾಕಿ ನೋಡಿ. ಎರಡು ಸೆಮಿಸ್ಟರ್ ರಜೆಗಳಿಂದ 45 ದಿನ ಸಿಗುತ್ತದೆ ಎಂದುಕೊಳ್ಳೋಣ. ಅದರಲ್ಲಿ ಪರೀಕ್ಷಾ ಮೇಲ್ವಿಚಾರಣೆ, ಮೌಲ್ಯಮಾಪನ, ಬೇರೆ ಕಾಲೇಜಿನ ಪ್ರಾಯೋಗಿಕ ಪರೀಕ್ಷೆಗೆ ಎಕ್ಸ್‌ಟರ್ನಲ್ ಆಗಿ ಹೋಗುವುದು ಸೇರಿ ಹತ್ತು ಹದಿನೈದು ದಿನ ಹೋಗುತ್ತದೆ. ಉಳಿದದ್ದು 30. ವಾರಕ್ಕೊಂದು ದಿನದಂತೆ 16 ವಾರದ ಎರಡು ಸೆಮಿಸ್ಟರ್‌ಗೆ 32 ದಿನ. ಒಟ್ಟು 62. ಇನ್ನೂ 28 ದಿನ ಬೇಕು! ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಾದರೆ ಈ 62 ಸಹ ಕೈಗೆ ಸಿಗುವುದಿಲ್ಲ. ವಾರಕ್ಕೆ ಎರಡು ದಿನ ಬಿಡುವಾದರೆ ಮಾತ್ರ ಲೆಕ್ಕ ಹೊಂದುತ್ತದೆ.

ಹಾಗಾಗಿ ಪ್ರಾಚಾರ್ಯರಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತರುವಾಗ ‘ನಮ್ಮ ಆಕ್ಷೇಪಣೆ ಇಲ್ಲ’ ಎಂಬ ಒಂದು ಸಾಲಿಗೆ ಸಮಾಧಾನಪಡಬೇಡಿ. ಕೇಳಿದ ನಮೂನೆಯ ಎನ್‌ಒಸಿ ಜೊತೆಗೆ ಕಾಲೇಜಿನ ಒಳಗೇ ಒಂದು ಆದೇಶ ಮಾಡಿಸಿಕೊಳ್ಳಿ. ವಾರದ ಯಾವ ಎರಡು ದಿನ ಟೈಮ್‌ಟೇಬಲ್ ಖಾಲಿ ಇರುತ್ತದೆ, ಆ ದಿನಗಳನ್ನು ಒಒಡಿ (ಹೊರಗಿದ್ದರೂ ಕರ್ತವ್ಯದ ಮೇಲೆ) ಎಂದು ಪರಿಗಣಿಸುತ್ತಾರೆಯೇ, ನಿಮ್ಮ ಲ್ಯಾಬ್ ಬ್ಯಾಚ್ ಯಾರು ನೋಡಿಕೊಳ್ಳುತ್ತಾರೆ, ಇಷ್ಟು ಅದರಲ್ಲಿ ಬರೆದಿರಬೇಕು. ಪ್ರಾಚಾರ್ಯರು, ಎಚ್‌ಒಡಿ ಬದಲಾದಾಗ ನೆರವಿಗೆ ಬರುವುದು ಈ ಕಾಗದವೇ.

ಆತಿಥೇಯ ಸಂಸ್ಥೆ ಹತ್ತಿರವಿದ್ದರೆ ಒಳ್ಳೆಯದು ಎಂದು ಯೋಜನೆಯೇ ಹೇಳುತ್ತದೆ. ಹುಬ್ಬಳ್ಳಿಯ ಎಂಜಿನಿಯರಿಂಗ್ ಅಧ್ಯಾಪಕರಿಗೆ ಧಾರವಾಡದ ಐಐಟಿ ಇರುವಾಗ, ವಿಷಯ ಹೊಂದುವುದಾದರೆ, ಬೆಂಗಳೂರಿನ ದೊಡ್ಡ ಹೆಸರಿನ ಹಿಂದೆ ಹೋಗುವ ಅಗತ್ಯ ಕಾಣುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ಪ್ರಯೋಗಾಲಯದಲ್ಲಿ ವಾರಕ್ಕೆರಡು ದಿನದ ಕೆಲಸ ನಿಜವಾಗಿಯೂ ನಡೆಯುತ್ತದೆ. ವೈದ್ಯಕೀಯ ಸಸ್ಯ, ಔಷಧ ವಿಷಯದವರಿಗೆ ಬೆಳಗಾವಿಯಲ್ಲಿ ಐಸಿಎಂಆರ್‌ನ ಪಾರಂಪರಿಕ ವೈದ್ಯ ಸಂಸ್ಥೆ ಇದೆ. ಆದರೆ ಮೆಣಸಿನಕಾಯಿಯ ರಸಾಯನಶಾಸ್ತ್ರ ಹಿಡಿದವರಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಇರುವ ಸಾಂಬಾರ ಪದಾರ್ಥಗಳ ಅನುಭವ ಹತ್ತಿರದಲ್ಲಿ ಸಿಗುವುದು ಕಷ್ಟ. ಅಷ್ಟು ದೂರ ಹೋಗುವುದಾದರೆ ವಾರದ ಲೆಕ್ಕ ಬಿಟ್ಟು, ದೊಡ್ಡ ಕಂತುಗಳಲ್ಲಿ ದಿನ ತುಂಬಿಸುವ ಯೋಜನೆ ಹಾಕಬೇಕು.

ಆತಿಥೇಯ ಸಂಸ್ಥೆಯಲ್ಲಿ ನಿಮಗೆ ಮಾರ್ಗದರ್ಶಕರಾಗುವ ವಿಜ್ಞಾನಿಗೆ, ಅಂದರೆ ಮೆಂಟರ್‌ಗೆ, ಬರೆಯುವ ಮೊದಲ ಮೇಲ್ ಒಂದು ಪುಟ ದಾಟದಿರಲಿ. ಅವರ ಇತ್ತೀಚಿನ ಎರಡು ಪ್ರಬಂಧ ಓದಿ, ಅದರಲ್ಲಿ ನಿಮ್ಮ ಪ್ರಶ್ನೆ ಎಲ್ಲಿ ಕೂಡುತ್ತದೆ ಎಂದು ಹೇಳಿ. ತಮ್ಮ ವಿದ್ಯಾರ್ಥಿಗಳಿಗೇ ಉಪಕರಣದ ಸ್ಲಾಟ್ ಸಾಲದಿರುವಾಗ ಇನ್ನೊಬ್ಬರು ಬಂದರೆ ಹೇಗೆ ಎಂಬುದು ಅವರ ಚಿಂತೆ. ಯಾವ ಉಪಕರಣ, ತಿಂಗಳಿಗೆ ಎಷ್ಟು ಗಂಟೆ, ಯಾವ ಕೆಲಸ ನಿಮ್ಮ ಕಾಲೇಜಿನಲ್ಲೇ ಮುಗಿಯುತ್ತದೆ ಎಂದು ನೀವೇ ಬರೆದರೆ ಮಾತು ಮುಂದೆ ಹೋಗುತ್ತದೆ.

ಈ ಕೆಲಸ ಹಂಚುವುದು ಹೇಗೆ? ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. ದಾಸ್ತಾನಿನಲ್ಲಿ ಅದರ ಬಣ್ಣ ಎಷ್ಟು ಇಳಿಯುತ್ತದೆ, ಶೀತಲಗೃಹಕ್ಕೂ ಸಾದಾ ಗೋದಾಮಿಗೂ ಅಂತರ ಎಷ್ಟು ಎಂಬುದು ಪ್ರಶ್ನೆ. ಹಾವೇರಿಯ ಪದವಿ ಕಾಲೇಜಿನಲ್ಲಿ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂದು ಅಳೆಯುವ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಡಬ್ಬಿ, ಕಡ್ಡಿ ಎರಡೂ ಬಗೆಯ ಕಾಯಿ ತಂದು, ನುಣ್ಣಗೆ ಪುಡಿ ಮಾಡಿ, ಸುಮಾರು 70 ಮಿಲಿಗ್ರಾಂ ಪುಡಿಯನ್ನು 100 ಮಿಲಿಲೀಟರ್ ಅಸಿಟೋನ್‌ನಲ್ಲಿ 16 ಗಂಟೆ ಕತ್ತಲಲ್ಲಿಟ್ಟು, 460 ನ್ಯಾನೋಮೀಟರ್‌ನಲ್ಲಿ ಹೀರಿಕೆ ಅಳೆಯಬೇಕು. ಅದನ್ನು 16.4ರಿಂದಲೂ ಉಪಕರಣದ ತಿದ್ದುಪಡಿ ಗುಣಾಂಕದಿಂದಲೂ ಗುಣಿಸಿ, ಪುಡಿಯ ತೂಕದಿಂದ (ಗ್ರಾಂನಲ್ಲಿ) ಭಾಗಿಸಿದರೆ ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ (ಆಸ್ಟಾ) ಅಳತೆಯಲ್ಲಿ ಬಣ್ಣದ ಮೌಲ್ಯ ಸಿಗುತ್ತದೆ. ಹೀರಿಕೆ 0.7 ದಾಟಿದರೆ ದ್ರಾವಣ ತೆಳುಮಾಡಿ ಮತ್ತೆ ಅಳೆಯಿರಿ. ಬಣ್ಣ ಕೊಡುವ ವಸ್ತುಗಳಲ್ಲಿ ಕ್ಯಾಪ್ಸಾಂತಿನ್ ಎಷ್ಟು, ಬೀಟಾ ಕ್ಯಾರೋಟಿನ್ ಎಷ್ಟು ಎಂದು ಬಿಡಿಸಿ ನೋಡುವ ಎಚ್‌ಪಿಎಲ್‌ಸಿ ಯಂತ್ರದ ಕೆಲಸ ಆತಿಥೇಯ ಸಂಸ್ಥೆಯಲ್ಲಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ತಿದ್ದುಪಡಿ ಗುಣಾಂಕ ಬಿಟ್ಟುಬಿಡುವುದು ಒಂದು. ಆಗ ಎರಡು ಪ್ರಯೋಗಾಲಯಗಳ ಅಂಕಿ ತಾಳೆಯಾಗದೆ, ವರ್ಷದ ದತ್ತಾಂಶವನ್ನೆಲ್ಲ ಅನುಮಾನದಿಂದ ನೋಡಬೇಕಾಗುತ್ತದೆ. ಮೊದಲ ವಾರವೇ ಒಂದೇ ಪುಡಿಯನ್ನು ಎರಡೂ ಕಡೆ ಅಳೆದು ನೋಡಿದರೆ ಇದು ಬಯಲಾಗುತ್ತದೆ. ಎರಡನೆಯದು, ಕಾಲೇಜಿನಲ್ಲಿ ತೆಗೆದ ಸಾರವನ್ನು ಬಾಟಲಿಯಲ್ಲಿ ಹಾಕಿಕೊಂಡು ಬಸ್ಸು, ರೈಲಿನಲ್ಲಿ ಒಯ್ಯುವುದು. ಅಸಿಟೋನ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಜೊತೆಗೆ ಬಣ್ಣ ಕೊಡುವ ಈ ಕ್ಯಾರೋಟಿನಾಯ್ಡ್‌ಗಳು ಬೆಳಕಿಗೂ ಬಿಸಿಗೂ ಒಡೆಯುತ್ತವೆ. ಪುಡಿಯನ್ನೇ ಗಾಳಿಯಾಡದ, ಬೆಳಕು ತಾಗದ ಪೊಟ್ಟಣದಲ್ಲಿ ತಣ್ಣಗೆ ಒಯ್ದು, ಸ್ಲಾಟ್ ಇರುವ ದಿನವೇ ಸಾರ ತೆಗೆಯಿರಿ.

ಹಣದ ವಿಷಯ. ಕಾಲೇಜಿನ ಪಾಲು ವರ್ಷಕ್ಕೆ 2.5 ಲಕ್ಷ. ಇದರಲ್ಲಿ ದೊಡ್ಡ ಉಪಕರಣ ಬರುವುದಿಲ್ಲ. ಅದನ್ನು ಕೊಳ್ಳಲು ಹೋಗಿ ದ್ರಾವಕ, ಕಾಲಂ, ಸ್ಟ್ಯಾಂಡರ್ಡ್‌ಗಳಿಗೆ ದುಡ್ಡಿಲ್ಲದೆ ನಿಲ್ಲುವುದು ಬೇಡ. ಖರ್ಚು ಎರಡು ಸಂಸ್ಥೆಗಳಲ್ಲಿ ಆಗುವುದರಿಂದ ಲೆಕ್ಕವೂ ಎರಡು ಕಡೆಯಿಂದ ಬರಬೇಕು. ಬಳಕೆ ಪ್ರಮಾಣಪತ್ರ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ, ಖರ್ಚಿನ ಪಟ್ಟಿ ಅದರ ಜೊತೆ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುತ್ತದೆ, ಒಂದು ಕಡೆಯ ಕಾಗದ ತಡವಾದರೂ ಮುಂದಿನ ಕಂತು ನಿಲ್ಲಬಹುದು. ಬಿಲ್‌ಗಳನ್ನು ಜನವರಿಯಲ್ಲೇ ಲೆಕ್ಕಪತ್ರ ವಿಭಾಗಕ್ಕೆ ತಲುಪಿಸಿ. ಖಾತೆಗೆ ಬಿದ್ದ ಬಡ್ಡಿಯನ್ನೂ ಲೆಕ್ಕದಲ್ಲಿ ತೋರಿಸಬೇಕು, ಅದು ಕಾಲೇಜಿನ ಹಣವಲ್ಲ.

ಪ್ರಬಂಧದಲ್ಲಿ ಹೆಸರುಗಳ ಕ್ರಮ, ಎರಡೂ ಸಂಸ್ಥೆಗಳ ವಿಳಾಸ, ಅನುದಾನದ ಕಡತ ಸಂಖ್ಯೆ ಇವನ್ನು ಮೊದಲ ತಿಂಗಳಲ್ಲೇ ಮೆಂಟರ್ ಜೊತೆ ಮಾತಾಡಿ ಬರೆದಿಟ್ಟುಕೊಳ್ಳಿ. ಸಂಕೋಚಪಟ್ಟು ಮುಂದೂಡಿದಷ್ಟೂ ಮಾತು ಕಷ್ಟವಾಗುತ್ತದೆ.

ಅತಿಥಿ ಉಪನ್ಯಾಸಕರಿಗೆ ಕಾಯಂ ಹುದ್ದೆಯ ಷರತ್ತಿನಿಂದ ಈ ಬಾಗಿಲು ಮುಚ್ಚಿದೆ. ನಮ್ಮ ಸರ್ಕಾರಿ ಕಾಲೇಜುಗಳ ಪಾಠದ ಹೊರೆ ಎಷ್ಟರ ಮಟ್ಟಿಗೆ ಅವರ ಮೇಲಿದೆ ಎಂದು ನೋಡಿದರೆ ಇದು ನ್ಯಾಯವಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ವಿದ್ಯಾರ್ಥಿಗಳ ಜೊತೆಗೆ ಅಧ್ಯಾಪಕರಿಗೂ ಇದೆ, ಅವಧಿ ಎರಡು ತಿಂಗಳು. ಆ ವರ್ಷದ ಅರ್ಹತೆ ನೋಡಿಕೊಂಡು ಅಲ್ಲಿ ಪ್ರಯತ್ನಿಸಬಹುದು. ಟೇರ್‌ಗೆ ಮೆಂಟರ್ ಹುಡುಕುತ್ತಿರುವ ಕಾಯಂ ಅಧ್ಯಾಪಕರಿಗೂ ಆ ಎರಡು ತಿಂಗಳು ಪ್ರಯೋಗಾಲಯವನ್ನು ಒಳಗಿನಿಂದ ನೋಡುವ ಅವಕಾಶ. ಅದರ ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ತೆರೆಯುತ್ತದೆ. ಬೇಸಿಗೆ ಬಂದ ಮೇಲೆ ವಿಚಾರಿಸಿದರೆ ತಡವಾಗಿರುತ್ತದೆ.