ನಕ್ಷತ್ರ ಒಂಚೂರು ಮಂಕಾದರೆ ಅಡ್ಡ ಬಂದದ್ದು ಗ್ರಹವೇ ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ದೂರದ ನಕ್ಷತ್ರದ ಬೆಳಕು ಶೇ 1ರಷ್ಟು ಕಡಿಮೆಯಾಯಿತು, ಹಾಗಾಗಿ ಅಲ್ಲಿ ಗುರುವಿನಂಥ ದೈತ್ಯ ಗ್ರಹ ಇದೆ ಅನ್ನುತ್ತಾರೆ. ಬೇರೆ ಏನಾದರೂ ಅಡ್ಡ ಬಂದಿರಬಾರದಾ? ಇದನ್ನು ನಮ್ಮ ಉಡುಪಿಯಿಂದ ನೋಡಲು ಆಗುತ್ತದಾ?

ಖಂಡಿತ ಬಂದಿರಬಹುದು. ಎಷ್ಟೋ ಸಲ ಬಂದಿರುತ್ತದೆ ಕೂಡ. ಬೆಳಕು ಕುಂದಿದ್ದು ಬರೀ ಸುಳಿವು. ದೈತ್ಯ ಗ್ರಹಗಳ ವಿಷಯದಲ್ಲಂತೂ, ತೂಕ ಗೊತ್ತಾಗದೆ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ.

ಮೊದಲು ಆ ಶೇ 1ರ ಲೆಕ್ಕ. ಗುರುವಿನ ಅಡ್ಡಳತೆ ಸೂರ್ಯನ ಹತ್ತರಲ್ಲೊಂದು ಭಾಗ. ಹಾಗಾಗಿ ಎದುರಿಗೆ ಬಂದಾಗ ಸೂರ್ಯನ ಬಿಲ್ಲೆಯ ನೂರರಲ್ಲೊಂದು ಭಾಗ ಮುಚ್ಚುತ್ತದೆ. ಭೂಮಿ ಮುಚ್ಚುವುದು ಸುಮಾರು 12,000ದಲ್ಲಿ ಒಂದು ಭಾಗ ಮಾತ್ರ. ದೈತ್ಯರು ಮೊದಲು ಸಿಕ್ಕಿದ್ದು ಅದಕ್ಕೇ. 1999ರಲ್ಲಿ ಎಚ್‌ಡಿ 209458 ಎಂಬ ನಕ್ಷತ್ರದ ಎದುರು ಗ್ರಹ ಹಾದುಹೋಗಿದ್ದು ಮೊದಲ ಬಾರಿ ದಾಖಲಾಯಿತು. ಮೂರೂವರೆ ದಿನಕ್ಕೊಂದು ಸುತ್ತು, ಸುತ್ತಿಗೊಮ್ಮೆ ಸುಮಾರು ಮೂರು ತಾಸು ಮಂಕು. ಆ ಗ್ರಹದ ಕಕ್ಷೆಯ ಅಂಚು ನಮ್ಮ ಕಡೆಗೇ ಇದ್ದದ್ದು ಅದೃಷ್ಟ. ಇಷ್ಟು ಹತ್ತಿರ ಸುತ್ತುವ ಗ್ರಹಗಳಲ್ಲಿ ಹತ್ತರಲ್ಲಿ ಒಂದಷ್ಟೇ ಹೀಗೆ ಅಡ್ಡ ಬರುತ್ತದೆ.

ಈಗ ನಿಮ್ಮ ಅನುಮಾನಕ್ಕೆ ಬರೋಣ. ಸೂರ್ಯನ ಮೇಲೆ ಕಲೆಗಳಿರುವ ಹಾಗೆ ಬೇರೆ ನಕ್ಷತ್ರಗಳ ಮೇಲೂ ಇರುತ್ತವೆ, ಅವೂ ಬೆಳಕು ಕುಗ್ಗಿಸುತ್ತವೆ. ಎಚ್‌ಡಿ 189733 ನೋಡಿ. ಅದು ಕಲೆ ಜಾಸ್ತಿ ಇರುವ ನಕ್ಷತ್ರ. ಸುಮಾರು 12 ದಿನಕ್ಕೊಮ್ಮೆ ತಿರುಗುತ್ತಾ ಅದರ ಬೆಳಕು ನಿಧಾನಕ್ಕೆ ಏರುತ್ತದೆ, ಇಳಿಯುತ್ತದೆ. ಅದರ ಗ್ರಹದ ನಡೆಯೇ ಬೇರೆ. 2 ದಿನ 5 ಗಂಟೆಗೊಮ್ಮೆ ತಪ್ಪದೆ ಬರುತ್ತದೆ. ಬೆಳಕು ಸರಕ್ಕನೆ ಶೇ 2ಕ್ಕಿಂತ ಜಾಸ್ತಿ ಇಳಿಯುತ್ತದೆ, ಎರಡು ಗಂಟೆಯೊಳಗೆ ಮತ್ತೆ ಮೊದಲಿನಂತಾಗುತ್ತದೆ. ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ.

ಕಷ್ಟ ಇರುವುದು ಇನ್ನೊಂದು ಕಡೆ. ಗುರುವಿನಂಥ ಗ್ರಹ, ಗ್ರಹವೂ ಅಲ್ಲದ ನಕ್ಷತ್ರವೂ ಆಗದ ಕಂದು ಕುಬ್ಜ, ಅತಿ ಸಣ್ಣ ನಕ್ಷತ್ರ: ಈ ಮೂರೂ ಹೆಚ್ಚುಕಡಿಮೆ ಒಂದೇ ಗಾತ್ರ! ಇಬಿಎಲ್‌ಎಂ ಜೆ0555-57ಎಬಿ ಎಂಬುದೊಂದಿದೆ. ಅದೂ ಹೀಗೇ ಬೆಳಕು ಕುಂದಿಸಿ ಗ್ರಹದಂತೆ ಕಂಡಿತ್ತು. ಅಳೆದು ನೋಡಿದರೆ ಗಾತ್ರ ಶನಿಗಿಂತ ತುಸು ದೊಡ್ಡದು, ತೂಕ ಗುರುವಿನ 85 ಪಟ್ಟು. ಅದು ನಕ್ಷತ್ರವಾಗಿತ್ತು. ಅಂಗಡಿಯಲ್ಲಿ ಒಂದೇ ಗಾತ್ರದ ಎರಡು ತೆಂಗಿನಕಾಯಿ ಇದ್ದರೆ ಯಾವುದರಲ್ಲಿ ನೀರು ಬತ್ತಿದೆ ಅಂತ ಕೈಯಲ್ಲಿ ಎತ್ತಿ ನೋಡಿಯೇ ತಿಳಿಯಬೇಕಲ್ವಾ? ಇಲ್ಲೂ ಹಾಗೆಯೇ.

ಎತ್ತಿ ನೋಡುವುದು ಹೇಗೆ? ಗ್ರಹ ಸುತ್ತುವಾಗ ನಕ್ಷತ್ರವೂ ಸುಮ್ನೆ ನಿಂತಿರುವುದಿಲ್ಲ, ಅದೂ ಚೂರು ಓಲಾಡುತ್ತದೆ. ನಮ್ಮ ಕಡೆ ಬರುವಾಗ ಅದರ ಬೆಳಕು ತುಸು ನೀಲಿಯತ್ತ, ದೂರ ಹೋಗುವಾಗ ಕೆಂಪಿನತ್ತ ಸರಿಯುತ್ತದೆ. ಓಲಾಟ ಎಷ್ಟು ಜೋರೋ ಗ್ರಹ ಅಷ್ಟು ಭಾರ. ಇದನ್ನು ಅಳೆಯುವ ಉಪಕರಣ ನಮ್ಮ ದೇಶದಲ್ಲೇ ಇದೆ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ. ಅದರ ಹೆಸರು ಪಾರಸ್. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಮೌಂಟ್ ಅಬುವಿನ ಗುರುಶಿಖರದಲ್ಲಿ ಇಟ್ಟಿದ್ದಾರೆ. ಗ್ರಹ ಹುಡುಕುವ ನಾಸಾದ ಟೆಸ್ ಉಪಗ್ರಹಕ್ಕೆ ಸುಳಿವು ಸಿಕ್ಕಿದ್ದ ಟಿಓಐ-4603ಬಿ ಗ್ರಹವನ್ನು ಇವರು ತೂಗಿ ನೋಡಿ 2023ರಲ್ಲಿ ಪ್ರಕಟಿಸಿದರು. ಗಾತ್ರ ಬಹುಪಾಲು ಗುರುವಿನಷ್ಟೇ, ತೂಕ ಮಾತ್ರ ಸುಮಾರು 13 ಪಟ್ಟು! ಗ್ರಹ ಮುಗಿದು ಕಂದು ಕುಬ್ಜ ಶುರುವಾಗುವ ಗಡಿಯಲ್ಲೇ ಅದು ಕೂತಿದೆ. ಬೆಳಕಿನ ಲೆಕ್ಕವೊಂದನ್ನೇ ನಂಬಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಉಡುಪಿಯಿಂದ ನೋಡುವ ಮಾತು. ಗ್ರಹ ಕಾಣುವುದಿಲ್ಲ, ಬೆಳಕಿನ ಇಳಿತವನ್ನು ಹಿಡಿಯಬಹುದು. ಅದಕ್ಕೆ ಆಗಲೇ ಹೇಳಿದ ಎಚ್‌ಡಿ 189733 ಒಳ್ಳೆಯದು. ಮಳೆ ಹಿಂದೆ ಸರಿದು ದೀಪಾವಳಿ ಹತ್ತಿರ ಬಂದಾಗ ಸಂಜೆ ಹೊತ್ತು ಅಭಿಜಿತ್, ಶ್ರವಣ, ಡೆನೆಬ್ ಸೇರಿದ ತ್ರಿಕೋನ ಎತ್ತರದಲ್ಲಿರುತ್ತದೆ. ಅದರೊಳಗೆ, ಡಂಬೆಲ್ ನೀಹಾರಿಕೆಯ ಪಕ್ಕದಲ್ಲೇ ಈ ನಕ್ಷತ್ರ. ಬರಿಗಣ್ಣಿಗೆ ಸಿಗದು, ಬೈನಾಕ್ಯುಲರ್‌ಗೆ ಸಿಗುತ್ತದೆ. ನಾಲ್ಕು ಇಂಚಿನ ಟೆಲಿಸ್ಕೋಪು, ಆಕಾಶದ ಜೊತೆ ತಿರುಗುವ ಸ್ಟ್ಯಾಂಡು, ಒಂದು ಕ್ಯಾಮೆರಾ ಇದ್ದರೆ ಸಾಕು.

ನಮ್ಮ ಕರಾವಳಿಯ ತೇವದ ಗಾಳಿಯೇ ದೊಡ್ಡ ತೊಂದರೆ. ತೆಳು ಮಂಜು ಹಾದುಹೋದರೂ ಶೇ 2ಕ್ಕಿಂತ ಜಾಸ್ತಿ ಬೆಳಕು ನುಂಗುತ್ತದೆ. ಆದ್ದರಿಂದ ಒಂದೇ ಫೋಟೋದಲ್ಲಿ ಪಕ್ಕದ ಬೇರೆ ನಕ್ಷತ್ರಗಳೂ ಇರಲಿ, ಅವುಗಳ ಜೊತೆ ಹೋಲಿಸಿ. ಎಲ್ಲವೂ ಒಟ್ಟಿಗೆ ಮಂಕಾದರೆ ಮಂಜು, ಇದೊಂದೇ ಮಂಕಾದರೆ ಗ್ರಹ. ಫೋಕಸ್ ಬೇಕೆಂದೇ ಸ್ವಲ್ಪ ಸಡಿಲಿಸಿ, ಬೆಳಕು ಹರಡಿದರೆ ಅಳತೆ ಚೆನ್ನಾಗಿ ಬರುತ್ತದೆ. ಗ್ರಹ ಅಡ್ಡ ಬರುವುದಕ್ಕೆ ಒಂದು ಗಂಟೆ ಮುಂಚೆ ಶುರು ಮಾಡಿ, ಮುಗಿದ ಮೇಲೂ ಒಂದು ಗಂಟೆ ಬಿಡಬೇಡಿ.

ನಾಸಾದ ಎಕ್ಸೋಪ್ಲಾನೆಟ್ ವಾಚ್ ಯೋಜನೆ ಇಂಥ ಹವ್ಯಾಸಿಗಳ ಅಳತೆಗಳನ್ನು ಸ್ವೀಕರಿಸುತ್ತದೆ. ಗ್ರಹ ಮುಂದೆ ಎಷ್ಟು ಹೊತ್ತಿಗೆ ಅಡ್ಡ ಬರುತ್ತದೆ ಎಂಬ ಲೆಕ್ಕ ವರ್ಷ ಕಳೆದಂತೆ ಮಸುಕಾಗುತ್ತದೆ. ಹೊಸ ಅಳತೆ ಸೇರಿದಷ್ಟೂ ಅದು ಸರಿಯಾಗುತ್ತದೆ, ದೊಡ್ಡ ಬಾಹ್ಯಾಕಾಶ ದೂರದರ್ಶಕಗಳ ಸಮಯವೂ ಉಳಿಯುತ್ತದೆ.