ಮಸಿಬಟ್ಟೆಯ ಒಳಪದರ: ಹಿಡಿದಾಗ ಎಷ್ಟು ದಪ್ಪ ಉಳಿಯುತ್ತದೆ?

ಪದರ ಜೋಡಿಸಿ ಕೌದಿಯ ಹಾಗೆ ಹೊಲಿಯುವ ಚೌಕ ಮಸಿಬಟ್ಟೆಗೆ ಹೊರಬಟ್ಟೆ ಆರಿಸುವುದು ಸುಲಭ, ಒಳಗೆ ಏನು ತುಂಬಬೇಕು ಅನ್ನುವಲ್ಲೇ ಎಲ್ಲರೂ ತಡವರಿಸುವುದು. ಮೊದಲು ಶಾಖದ ಅಂದಾಜು ಇರಲಿ. ಮೈಸೂರಿನ ಎತ್ತರದಲ್ಲಿ ನೀರು 100 ಡಿಗ್ರಿಗಿಂತ ಎರಡು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ವಿಸಿಲ್ ಹೊಡೆಯುವ ಕುಕ್ಕರಿನೊಳಗೆ ಸುಮಾರು 120. ಚೆನ್ನಾಗಿ ಕಾದ ದೋಸೆ ಕಾವಲಿ 200 ದಾಟುತ್ತದೆ. ಕಾವಲಿಯನ್ನು ಲೆಕ್ಕಕ್ಕಿಟ್ಟು ಹೊಲಿದರೆ ಮಿಕ್ಕಿದ್ದಕ್ಕೆಲ್ಲ ಧಾರಾಳವಾಯಿತು.

ಶಾಖ ತಡೆಯುವ ಕೆಲಸದಲ್ಲಿ ಬಹುಪಾಲು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯದು. ಹಾಗಾದರೆ ಉಬ್ಬಿರುವ ಹಾಸು (ಬಟ್ಟೆಗಳ ನಡುವೆ ತುಂಬುವ ಮೆತ್ತನೆ ಪದರ) ಹಾಕಿದರಾಯಿತಲ್ಲ ಅನ್ನಿಸುತ್ತದೆ. ತಪ್ಪಾಗುವುದು ಇಲ್ಲೇ. ದಿಂಬಿಗೆ ಹಾಕುವ ಉಬ್ಬು ಪಾಲಿಯೆಸ್ಟರ್ ಹಾಸು ಮೇಜಿನ ಮೇಲೆ 10 ಮಿ.ಮೀ. ಕಾಣುತ್ತದೆ. ಪಾತ್ರೆಯ ಅಂಚನ್ನು ಬಿಗಿಯಾಗಿ ಹಿಡಿದ ಕೂಡಲೇ ಅದು 1–2 ಮಿ.ಮೀ.ಗೆ ಕುಸಿಯುತ್ತದೆ, ಗಾಳಿ ಹೊರಟುಹೋಗುತ್ತದೆ. ದಪ್ಪ ಅರ್ಧವಾದರೆ ಅಂಗೈಗೆ ಬರುವ ಶಾಖ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಅದೇ ಒತ್ತಾಗಿ ಕೂತ ಹತ್ತಿ ಹಾಸು 5 ಮಿ.ಮೀ. ಇದ್ದರೆ ಹಿಡಿದಾಗಲೂ ಮೂರ್ನಾಲ್ಕು ಉಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹಾಸನ್ನು ಅಳೆಯುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಗಟ್ಟಿಯಾಗಿ ಹಿಸುಕಿ, ಆಗ ಉಳಿದ ದಪ್ಪವನ್ನು ನೋಡಿ. ಮನೆಯಲ್ಲಾದರೆ ಪದರಗಳ ಮೇಲೆ ನೀರು ತುಂಬಿದ ಕುಕ್ಕರ್ ಇಟ್ಟು ಪಕ್ಕದಿಂದ ಸ್ಕೇಲ್ ಹಿಡಿಯಿರಿ. ಒತ್ತಿದಾಗ ಎಲ್ಲ ಪದರ ಸೇರಿ 5 ಮಿ.ಮೀ.ಗೆ ಕಡಿಮೆ ಬಂದರೆ ಕಾವಲಿಗೆ ಸಾಲದು. 8 ದಾಟಿದರೆ ಬೆರಳು ಮಡಚುವುದಿಲ್ಲ, ಪಾತ್ರೆ ಜಾರುವ ಅಪಾಯ ಬೇರೆ.

ಇನ್ನು ಹೊಳೆಯುವ ಹಾಳೆ. ಇನ್ಸುಲ್-ಬ್ರೈಟ್ ಹೆಸರಿನಲ್ಲಿ ಆನ್‌ಲೈನ್‌ನಲ್ಲಿ ಸಿಗುವುದು ಲೋಹದ ಲೇಪವಿರುವ ತೆಳು ಪ್ಲಾಸ್ಟಿಕ್ ಪೊರೆಗೆ ಪಾಲಿಯೆಸ್ಟರ್ ಎಳೆಗಳನ್ನು ಸೂಜಿಯಿಂದ ಚುಚ್ಚಿ ಸೇರಿಸಿದ ಹಾಸು. ಹೊಳಪು ಇದೆಯೆಂದು ಅದೊಂದನ್ನೇ ಹಾಕಿ ಹೊಲಿದವರ ಕೈ ಸುಡುವುದು ಯಾಕೆ? ಹೊಳಪು ಹಿಂದಕ್ಕೆ ತಳ್ಳುವುದು ವಿಕಿರಣದ ಶಾಖವನ್ನು ಮಾತ್ರ, ಅಂದರೆ ಕೆಂಡದ ಎದುರು ಕೂತಾಗ ಮುಖಕ್ಕೆ ಹೊಡೆಯುವ ಝಳದಂಥದ್ದನ್ನು. ಆ ಕೆಲಸಕ್ಕೂ ಹೊಳಪಿನ ಮುಂದೆ ಗಾಳಿಯ ಸಂದು ಇರಬೇಕು. ಕಾವಲಿ ಹಿಡಿದಾಗ ಶಾಖ ಬರುವುದು ಮುಟ್ಟಿದ ಕಡೆಯಿಂದ, ಪದರದಿಂದ ಪದರಕ್ಕೆ ದಾಟಿಕೊಂಡು. ಅದನ್ನು ಹೊಳಪು ತಡೆಯಲಾರದು. ಹೀಗಾಗಿ ಅದರ ಎರಡೂ ಕಡೆ ಹತ್ತಿ ಹಾಸು ಇರಲೇಬೇಕು: ಹೊರಬಟ್ಟೆ, ಹತ್ತಿ, ಹೊಳೆಯುವ ಹಾಳೆ, ಹತ್ತಿ, ಇನ್ನೊಂದು ಬದಿಯ ಹೊರಬಟ್ಟೆ. ಹತ್ತಿ ದಪ್ಪವಾಗಿದ್ದರೆ ಹೊಳೆಯುವ ಹಾಳೆ ಬಿಟ್ಟರೂ ನಡೆಯುತ್ತದೆ. ಹತ್ತಿ ಬಿಟ್ಟರೆ ನಡೆಯುವುದಿಲ್ಲ. ಲೋಹದ ಲೇಪ ಇರುವುದರಿಂದ ಅದನ್ನು ಹಾಕಿದ ಮಸಿಬಟ್ಟೆಯನ್ನು ಮೈಕ್ರೊವೇವ್‌ನೊಳಗೆ ಇಡಬೇಡಿ. ಚಿಪ್ಸ್ ಪೊಟ್ಟಣ, ಅಡುಗೆಯ ಅಲ್ಯೂಮಿನಿಯಂ ಹಾಳೆ ಇದಕ್ಕೆ ಬದಲಿಯಲ್ಲ. ಮೊದಲನೆಯದು ಕರಗುವ ಪ್ಲಾಸ್ಟಿಕ್, ಎರಡನೆಯದು ಹೊಲಿದ ಮೇಲೆ ಪುಡಿಪುಡಿಯಾಗಿ ಹರಿಯುತ್ತದೆ.

ಪಾಲಿಯೆಸ್ಟರ್ 250–260 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗಿ ಅಂಟುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿದರೆ ಸುಟ್ಟಗಾಯ ಆಳವಾಗುತ್ತದೆ. ಹತ್ತಿ ಕರಗುವುದಿಲ್ಲ, ಕಂದಾಗಿ ಸೀದು ಎಚ್ಚರಿಸುತ್ತದೆ. ಉಣ್ಣೆ ಇನ್ನೂ ವಾಸಿ, ಬೆಂಕಿ ತಗುಲಿದರೂ ಬೇಗ ಹತ್ತಿಕೊಳ್ಳದೆ ಕರಿಕಾಗುತ್ತದೆ. ಹರಿದ ಕುರಿ ಕಂಬಳಿಯ ತುಂಡೊಂದು ಸಿಕ್ಕರೆ ಬಿಸಿನೀರಲ್ಲಿ ಒಗೆದು ಕುಗ್ಗಿಸಿ ನಡುವಿಗೆ ಹಾಕಿ. ನೂರು ರೂಪಾಯಿಯ ಹಾಸಿಗಿಂತ ಅದು ಮೇಲು. ಬೂರುಗದ ಹತ್ತಿ ಬೇಡ, ಬೇಗ ಹೊತ್ತಿಕೊಳ್ಳುತ್ತದೆ, ಒಂದು ಮೂಲೆಗೆ ಸರಿದು ಗುಡ್ಡೆಯಾಗುತ್ತದೆ. ಹೊರಬಟ್ಟೆಗೆ ಬದನವಾಳಿನಂಥ ಖಾದಿ ಕೇಂದ್ರಗಳ ದಪ್ಪ ಖಾದಿ, ಹಳೆ ಜೀನ್ಸ್, ಹತ್ತಿ ಸೀರೆ ಯಾವುದಾದರೂ ಸರಿ. ರೇಷ್ಮೆ ಸೀರೆಯ ಜರಿ ಅಂಚು ಎಷ್ಟೇ ಚಂದವಿದ್ದರೂ ಬಿಡಿ. ಜರಿಯಲ್ಲಿ ಲೋಹವಿದೆ, ಮುಟ್ಟಿದ ಕಡೆಯೇ ಚುರುಕ್ ಅನ್ನುತ್ತದೆ.

ಹಳೆ ಬಟ್ಟೆ ಅಪ್ಪಟ ಹತ್ತಿಯೋ ಅಲ್ಲವೋ ತಿಳಿಯದಿದ್ದರೆ ನಾಲ್ಕೆಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ, ಉದುರುವ ಬೂದಿ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಕಟ್ಟಿದರೆ ಪಾಲಿಯೆಸ್ಟರ್. ಬೂದಿಯೂ ಮಣಿಯೂ ಒಟ್ಟಿಗೆ ಕಂಡರೆ ಮಿಶ್ರ ನೂಲು, ಅದೂ ಬೇಡ.

ಹೊಲಿಗೆಗೆ ಹತ್ತಿ ದಾರ, 16ನೇ ನಂಬರ್ ಸೂಜಿ, ಕನಿಷ್ಠ 3 ಮಿ.ಮೀ. ಉದ್ದದ ಹೊಲಿಗೆ. ಬಟ್ಟೆಯನ್ನು ಮೊದಲೇ ನೆನೆಹಾಕಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಹೊರಬಟ್ಟೆ ಕುಗ್ಗಿ ಅಂಚು ಸುರುಟುತ್ತದೆ. 20 ಸೆಂ.ಮೀ. ಚೌಕಕ್ಕೆ ಗೆರೆಗಳ ನಡುವೆ 4–5 ಸೆಂ.ಮೀ. ಬಿಡಿ. ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿದರೆ ಪ್ರತಿ ಗೆರೆಯಲ್ಲೂ ಗಾಳಿ ಹಿಸುಕಿಹೋಗಿ, ಅದೇ ಗೆರೆಯುದ್ದಕ್ಕೂ ಬಿಸಿ ದಾಟುತ್ತದೆ. ಅಂಚಿಗೆ ಕ್ರಾಸ್ ಪೀಸ್ (ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ) ಪಟ್ಟಿ, ಮೂಲೆಯಲ್ಲಿ ಚಿಕ್ಕ ಕುಣಿಕೆ ಸಾಕು. ಕುಚ್ಚು ಬೇಡ, ಗ್ಯಾಸ್ ಉರಿಗೆ ಮೊದಲು ತಾಗುವುದು ಅದೇ.

ಯಾವ ಒಳಪದರವಾದರೂ ಒದ್ದೆಯಾದರೆ ಕೆಲಸಕ್ಕೆ ಬಾರದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ದಾಟಿಸುತ್ತದೆ, ಕಾವಲಿ ತಾಗಿದ ಒದ್ದೆ ಜಾಗ ಆವಿಯಾಗಿ ಅಂಗೈಗೇ ಬರುತ್ತದೆ. ಹತ್ತಿ ಹಾಸು ಒಣಗಿದಂತೆ ಕಂಡರೂ ನಡುವೆ ತೇವ ಇಟ್ಟುಕೊಂಡಿರುತ್ತದೆ, ಹಾಗಾಗಿ ಒಗೆದ ಮೇಲೆ ಒಂದಿಡೀ ದಿನ ಬಿಸಿಲಿಗೆ ಹಾಕಿ. ಎರಡು ಹೊಲಿದಿಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಕೈಗೆ ಸಿಗುತ್ತದೆ.